ಕಾಫಿಯಾದ ಮೇಲೆ ಕನೆಕ್ಟ್ ಆಗುವ ವಿಪಿಎನ್

ಜಿಎಸ್‌ಟಿಯ 3ಬಿ ನಮೂನೆ ಸಲ್ಲಿಸಲು ತಿಂಗಳ 20 ಕೊನೆಯ ದಿನವೆಂಬುದು ಲೆಕ್ಕಪತ್ರ ವಿಭಾಗದವರಿಗೆ ತಿಳಿದಿದ್ದರೆ ಸಾಕಿತ್ತು. ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವ ನನಗೂ ಅದು ಹಬ್ಬದ ತಾರೀಖಿನಂತೆ ಬಾಯಿಪಾಠವಾಗಿರುವುದಕ್ಕೆ ಆ ವಿಭಾಗದ ಹಿರಿಯರೊಬ್ಬರು ಕಾರಣ. ಅವರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ರಾಯರು ಮಂಡ್ಯದ ತಮ್ಮ ಮನೆಯಿಂದ ಕೆಲಸ ಮಾಡುತ್ತಾರೆ, ನಾನು ಬೆಂಗಳೂರಿನ ಕಚೇರಿಯಲ್ಲಿರುತ್ತೇನೆ. ನಮ್ಮ ನಡುವೆ ನೂರು ಕಿಲೋಮೀಟರ್ ದೂರವಿದೆ ಮತ್ತು ಮನೆಯ ಕಂಪ್ಯೂಟರನ್ನು ಕಚೇರಿಯ ನೆಟ್‌ವರ್ಕಿಗೆ ಸುರಕ್ಷಿತವಾಗಿ ಜೋಡಿಸುವ ಒಂದು ವಿಪಿಎನ್ ಇದೆ. ಮೊನ್ನೆ ಇಪ್ಪತ್ತರ ಬೆಳಿಗ್ಗೆ ದೂರ ಇದ್ದಷ್ಟೇ ಇತ್ತು, ವಿಪಿಎನ್ ಮಾತ್ರ ಇರಲಿಲ್ಲ.

ಮನೆಯಿಂದ ಕೆಲಸ ಮಾಡುವ ಯಾರಿಗಾದರೂ ಆ ಕೆಂಪಕ್ಷರದ ಸಾಲು ಪರಿಚಿತವೇ: ದೃಢೀಕರಣ ವಿಫಲವಾಗಿದೆ. ಯಾಕೆ ವಿಫಲವಾಯಿತು, ಹೆಸರು ತಪ್ಪೋ, ಪಾಸ್‌ವರ್ಡ್ ತಪ್ಪೋ, ಗ್ರಹಚಾರ ತಪ್ಪೋ ಎಂಬುದನ್ನು ಅದು ಬಾಯಿ ಬಿಟ್ಟು ಹೇಳುವುದಿಲ್ಲ. ಕಳ್ಳನಿಗೆ ಸುಳಿವು ಸಿಗಬಾರದೆಂದು ಉದ್ದೇಶಪೂರ್ವಕವಾಗಿಯೇ ಹಾಗೆ ಮಾಡಿದ್ದಾರೆ. ಕಳ್ಳನ ವಿಷಯ ನನಗೆ ತಿಳಿಯದು, ಆದರೆ ಮನೆಯವರಿಗಂತೂ ಒಂದು ಸುಳಿವೂ ಸಿಗುವುದಿಲ್ಲ. ಹೀಗಾಗಿ ಎಲ್ಲರೂ ನನಗೆ ಫೋನ್ ಮಾಡಿ, "ಏನೂ ಮಾಡಿಲ್ಲ, ನಿನ್ನೆಯವರೆಗೆ ಸರಿಯಾಗಿತ್ತು" ಎನ್ನುತ್ತಾರೆ.

ಸಾಮಾನ್ಯವಾಗಿ ನಾನು ಹುಡುಕುವ ಅಪರಾಧಿಗಳು ನಾಲ್ಕೈದೇ. ಒಬ್ಬರು ಕ್ಯಾಪ್ಸ್ ಲಾಕ್ ಒತ್ತಿರುತ್ತಾರೆ. ಇನ್ನೊಬ್ಬರು ಹಿಂದಿನ ಸಂಜೆ ಅಕ್ಕನಿಗೆ ಕನ್ನಡದಲ್ಲಿ ಪತ್ರ ಬರೆದು ಕೀಲಿಮಣೆಯನ್ನು ಕನ್ನಡದಲ್ಲೇ ಬಿಟ್ಟಿರುತ್ತಾರೆ. ಪಾಸ್‌ವರ್ಡ್ ಜಾಗದಲ್ಲಿ ಕಾಣುವುದು ಚುಕ್ಕಿಗಳಾದ್ದರಿಂದ ತಾವು ಯಾವ ಭಾಷೆಯಲ್ಲಿ ಗುಟ್ಟು ಹೇಳುತ್ತಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ. ಮತ್ತೊಬ್ಬರು ಹೊಸ ಪಾಸ್‌ವರ್ಡ್ ಇಟ್ಟುಕೊಂಡಿರುತ್ತಾರೆ, ಆದರೆ ಅವರ ಫೋನಿನ ಮೇಲ್ ಹಳೆಯದನ್ನೇ ಹಿಡಿದುಕೊಂಡು ನಿಮಿಷಕ್ಕೊಮ್ಮೆ ಸರ್ವರಿನ ಬಾಗಿಲು ಬಡಿದು ಅವರ ಖಾತೆಗೆ ಬೀಗ ಹಾಕಿಸುತ್ತದೆ. ಇವೆಲ್ಲವುಗಳಿಗಿಂತ ಕಠಿಣವಾದದ್ದು ರಜೆಯಲ್ಲಿದ್ದಾಗ ಪಾಸ್‌ವರ್ಡಿನ ತೊಂಬತ್ತು ದಿನಗಳ ಆಯಸ್ಸು ಮುಗಿದವರ ಪಾಡು. ನಮ್ಮ ವ್ಯವಸ್ಥೆಯಲ್ಲಿ ಅದನ್ನು ಬದಲಿಸಲು ವಿಪಿಎನ್ ಒಳಗೆ ಬರಬೇಕು, ವಿಪಿಎನ್ ಒಳಗೆ ಬರಲು ಪಾಸ್‌ವರ್ಡ್ ಬದಲಿಸಿರಬೇಕು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು. (ಹೀಗೆ ಗಡುವಿಟ್ಟು ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಸಲಹೆ ಕೊಟ್ಟಿದೆ. ಅದನ್ನು ನಮ್ಮ ಆಡಳಿತ ವರ್ಗಕ್ಕೆ ಮೂರು ಬಾರಿ ಕಳುಹಿಸಿದ್ದೇನೆ. ಮೂರನೆಯ ಬಾರಿ ಬಂದ ಉತ್ತರ: ಓದಲು ಲಾಗಿನ್ ಆಗುತ್ತಿಲ್ಲ.)

ಎರಡು ತಿಂಗಳ ಹಿಂದೆ ಇದಕ್ಕೆಲ್ಲ ಇನ್ನೊಂದು ಕೋಟೆಬಾಗಿಲು ಸೇರಿತು. ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳ ಸಂಖ್ಯೆಯನ್ನೂ ಕೊಡಬೇಕು. ಅದು ಬೇಡವೆಂದವರ ಫೋನಿಗೆ "ಇದು ನೀವೇನಾ?" ಎಂಬ ಪ್ರಶ್ನೆ ಬರುತ್ತದೆ, ಹೌದು ಎಂದು ಒತ್ತಿದರಾಯಿತು. ಸಹೋದ್ಯೋಗಿಯೊಬ್ಬರ ಐದು ವರ್ಷದ ಮಗ ಅಮ್ಮನ ಫೋನಿನಲ್ಲಿ ಆಟವಾಡುತ್ತಿದ್ದಾಗ ಈ ಪ್ರಶ್ನೆ ಬಂದು, ಅವನು ಅತ್ಯಂತ ಪ್ರಾಮಾಣಿಕವಾಗಿ ಅಲ್ಲ ಎಂದು ಒತ್ತಿದ್ದರಿಂದ ಅರ್ಧ ದಿನದ ತನಿಖೆ ನಡೆಯಿತು. ರಾಯರು ಆ ಸೌಲಭ್ಯವನ್ನು ನಿರಾಕರಿಸಿ ಸಂಖ್ಯೆಯನ್ನೇ ಆರಿಸಿಕೊಂಡರು. ಗುರುತಿಲ್ಲದ ಪ್ರಶ್ನೆಗಳಿಗೆ ಹೌದು ಎನ್ನಬಾರದೆಂದು ತರಬೇತಿಯಲ್ಲಿ ನಾನೇ ಹೇಳಿದ್ದೆನಂತೆ.

ಅಂದಿನಿಂದ ಅವರ ದೂರು ಶುರುವಾಯಿತು. ನಮ್ಮಲ್ಲಿ ದೂರಿಗೆ ಟಿಕೆಟ್ ಎನ್ನುತ್ತಾರೆ. ರಾಯರ ಟಿಕೆಟ್ಟಿನ ಒಕ್ಕಣೆ ಹೀಗಿತ್ತು: "ಕಾಫಿಗೆ ಮುಂಚೆ ವಿಪಿಎನ್ ಕನೆಕ್ಟ್ ಆಗುವುದಿಲ್ಲ. ಕಾಫಿಯಾದ ಮೇಲೆ ಆಗುತ್ತದೆ. ದಯವಿಟ್ಟು ಪರಿಶೀಲಿಸುವುದು."

ಹನ್ನೆರಡು ವರ್ಷಗಳ ಅನುಭವವುಳ್ಳ ನಾನು ಇದನ್ನು ಓದಿ ನಕ್ಕೆ. ಆದರೆ ಲಾಗ್ ತೆರೆದು ನೋಡಿದರೆ ರಾಯರು ಬರೆದದ್ದು ಅಕ್ಷರಶಃ ನಿಜವಾಗಿತ್ತು. ಬೆಳಿಗ್ಗೆ ಎರಡು ಮೂರು ಬಾರಿ "ಸಂಖ್ಯೆ ತಪ್ಪು" ಎಂದು ದಾಖಲಾಗಿ, ಆಮೇಲೆ ಹತ್ತು ನಿಮಿಷ ಮೌನ, ಆಮೇಲೆ ಒಂದೇ ಏಟಿಗೆ ಪ್ರವೇಶ. ಒಂದು ವಾರದಲ್ಲಿ ಮೂರು ದಿನ ಹಾಗೆಯೇ ಆಗಿತ್ತು. ಉಳಿದ ಎರಡು ದಿನ ಕಾಫಿಯೂ ಕೈಕೊಟ್ಟು, ಐದು ತಪ್ಪಿಗೆ ಖಾತೆಗೆ ಬೀಗ ಬಿದ್ದು, ನಾನು ತೆರೆದುಕೊಟ್ಟಿದ್ದೆ.

ಮುಂದಿನ ಮೂರು ವಾರ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಸರ್ವರಿನ ಗಡಿಯಾರ ನೋಡಿದೆ. ಸೆಕೆಂಡೂ ಆಚೀಚೆ ಇರಲಿಲ್ಲ. ಹೊಸ ಕ್ಯೂಆರ್ ಚೌಕ ಕಳುಹಿಸಿ ಮತ್ತೆ ಸ್ಕ್ಯಾನ್ ಮಾಡಿಸಿದೆ, ಮತ್ತೆ ತಪ್ಪು. ಅಡುಗೆಮನೆಯಲ್ಲಿ ಏನಾದರೂ ಹೊತ್ತಿಸಿದಾಗ ವೈಫೈಗೆ ತೊಂದರೆಯಾಗುತ್ತಿರಬಹುದೇ ಎಂಬ ಗುಮಾನಿಯಿಂದ, "ಸಾರ್, ಮನೆಯಲ್ಲಿ ಮೈಕ್ರೋವೇವ್ ಇದೆಯೇ?" ಎಂದು ಕೇಳಿದೆ. "ಇಲ್ಲ ಕಣಪ್ಪಾ, ಹಿತ್ತಾಳೆ ಫಿಲ್ಟರ್ ಇದೆ, ಅದರಲ್ಲಿ ಇಳಿಸಿದ ಡಿಕಾಕ್ಷನ್ನಿನ ರುಚಿಯೇ ಬೇರೆ" ಎಂದು ರಾಯರು ನಿಜವಾದ ಕಾಳಜಿಯಿಂದ ಉತ್ತರಿಸಿದರು. ಒಂದು ಹಂತದಲ್ಲಿ, ದೇವರಾಣೆಗೂ, ಆ ಟಿಕೆಟ್ಟಿನಲ್ಲಿ ತಾತ್ಕಾಲಿಕ ಪರಿಹಾರ ಎಂಬ ಕಲಮಿನಡಿ "ಬಳಕೆದಾರರು ಕಾಫಿ ಕುಡಿಯತಕ್ಕದ್ದು" ಎಂದು ಬರೆದೆ. ಮೇಲಧಿಕಾರಿಗಳು ಅದನ್ನು ಅನುಮೋದಿಸಿದರು.

ಇಪ್ಪತ್ತನೇ ತಾರೀಖಿನ ಅನಾಹುತವೆಂದರೆ, ರಾಯರ ಶ್ರೀಮತಿಯವರು ಹಿಂದಿನ ದಿನ ತವರಿಗೆ ಹೋಗಿದ್ದರು. ಕಾಫಿ ಇರಲಿಲ್ಲ. ಕಾಫಿ ಇಲ್ಲದ್ದರಿಂದ ವಿಪಿಎನ್ ಇರಲಿಲ್ಲ. ವಿಪಿಎನ್ ಇಲ್ಲದ್ದರಿಂದ ಜಿಎಸ್‌ಟಿ ಲೆಕ್ಕ ಸರ್ವರಿನಲ್ಲೇ ಕುಳಿತಿತ್ತು. ಬೆಳಗಿನ ಒಂಬತ್ತರಿಂದ ಅವರ ಖಾತೆಯ ಬೀಗವನ್ನು ನಾಲ್ಕು ಬಾರಿ ತೆಗೆದು ನನಗೆ ಸಾಕಾಗಿತ್ತು. ಕೊನೆಗೆ, "ಸಾರ್, ಫೋನಿನಲ್ಲಿ ಏನು ಕಾಣುತ್ತಿದೆಯೋ ಅದರ ಫೋಟೋ ಕಳುಹಿಸಿ" ಎಂದೆ. ಯಾರಿಗೂ ತೋರಿಸಬಾರದ ಸಂಖ್ಯೆಯ ಫೋಟೋವನ್ನು ಭದ್ರತಾ ವಿಭಾಗದವನೇ ಕೇಳುವ ಸ್ಥಿತಿಗೆ ನಾನು ಬಂದಿದ್ದೆ. ರಾಯರು ಪಕ್ಕದ ಮನೆಯ ಹುಡುಗನನ್ನು ಕರೆದು ಅವನ ಫೋನಿನಿಂದ ಫೋಟೋ ತೆಗೆಸಿ ಕಳುಹಿಸಿದರು.

ಫೋಟೋ ನನಗೆ ಬಂದಾಗ ಸಮಯ 10:42. ಫೋಟೋದೊಳಗಿನ ರಾಯರ ಫೋನಿನ ಮೇಲಂಚಿನಲ್ಲಿದ್ದ ಸಮಯ 10:52. ಅಂದರೆ ಆ ಚಿತ್ರವು ತೆಗೆಯುವುದಕ್ಕೆ ಹತ್ತು ನಿಮಿಷ ಮೊದಲೇ ನನ್ನನ್ನು ತಲುಪಿತ್ತು.

"ಸಾರ್, ನಿಮ್ಮ ಫೋನು ಹತ್ತು ನಿಮಿಷ ಮುಂದಿದೆ."

"ಗೊತ್ತು ಕಣಪ್ಪಾ, ನಾನೇ ಇಟ್ಟಿದ್ದೇನೆ" ಎಂದರು ರಾಯರು, ನಾನು ಅವರ ಅಂಗಿಯ ಬಣ್ಣ ಹೇಳಿದೆನೋ ಎಂಬಂತೆ.

ಈ ಸಂಖ್ಯೆಗಳ ಲೆಕ್ಕಾಚಾರ ಸರಳವಾದದ್ದು. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಮೂವತ್ತರಿಂದ ಭಾಗಿಸಿ, ಫೋನಿಗೂ ಸರ್ವರಿಗೂ ಮಾತ್ರ ತಿಳಿದಿರುವ ಗುಟ್ಟಿನೊಡನೆ ಬೆರೆಸಿದರೆ ಆರು ಅಂಕಿ ಬರುತ್ತವೆ. 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6238 ಎಂಬ ಅಂತರಜಾಲದ ತಾಂತ್ರಿಕ ದಾಖಲೆ ಹೇಳುವುದು ಇದನ್ನೇ. ಫೋನಿನ ಗಡಿಯಾರ ತುಸು ಹೆಚ್ಚುಕಡಿಮೆಯಾದರೆ ಇರಲೆಂದು ನಮ್ಮ ಸರ್ವರು ಹಿಂದಿನ ಒಂದು, ಮುಂದಿನ ಒಂದು ಸಂಖ್ಯೆಯನ್ನೂ ಒಪ್ಪುತ್ತದೆ. ರಾಯರು ಇಪ್ಪತ್ತು ಸಂಖ್ಯೆ ಮುಂದಿದ್ದರು. ಅವರು ಕೊಡುತ್ತಿದ್ದ ಸಂಖ್ಯೆ ತಪ್ಪಾಗಿರಲಿಲ್ಲ, ಕಂಪನಿಯೇ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಸಂಖ್ಯೆಯನ್ನು ತುಂಬಿ, ಬಟನ್ ಒತ್ತುವಷ್ಟರಲ್ಲಿ "ಕಾಫಿ ಆರುತ್ತಿದೆ" ಎಂಬ ಕೂಗು ಕೇಳಿ ಎದ್ದುಹೋಗಿ, ಒಂದು ಲೋಟ ಕಾಫಿಯನ್ನೂ ಪತ್ರಿಕೆಯ ಒಂದು ಪುಟವನ್ನೂ ಮುಗಿಸಿ ಬಂದು ಒತ್ತಿದರೆ, ಆ ಭವಿಷ್ಯದ ಸಂಖ್ಯೆಯ ಮುಹೂರ್ತ ಸರಿಯಾಗಿ ಕೂಡಿಬರುತ್ತಿತ್ತು. ಇದ್ದದ್ದು ಒಂದೂವರೆ ನಿಮಿಷದ ಕಿಂಡಿ. ವಾರಕ್ಕೆ ಮೂರು ದಿನ ಅದರೊಳಗೆ ತೂರಿಕೊಳ್ಳುವಷ್ಟು ಶಿಸ್ತು ಆ ಮನೆಯ ಕಾಫಿಗಿತ್ತು.

"ಹತ್ತು ನಿಮಿಷ ಯಾಕೆ ಸಾರ್ ಮುಂದಿಟ್ಟಿದ್ದೀರಿ?" ಎಂದು ಕೇಳುವಾಗ ನನ್ನ ದನಿ ಇರಬೇಕಾದದ್ದಕ್ಕಿಂತ ಗಟ್ಟಿಯಾಗಿತ್ತು.

"ಚಾಮುಂಡಿ ಎಕ್ಸ್‌ಪ್ರೆಸ್ಸಿಗೆ" ಎಂದರು.

2020ರವರೆಗೆ ರಾಯರು ದಿನವೂ ಆ ರೈಲಿನಲ್ಲಿ ಮಂಡ್ಯದಿಂದ ಬೆಂಗಳೂರಿಗೆ ಬಂದು ಹೋಗುತ್ತಿದ್ದರು. ಅದಕ್ಕಾಗಿ ಮನೆಯ ಗೋಡೆ ಗಡಿಯಾರ, ಕೈಗಡಿಯಾರ, ಕೊನೆಗೆ ಫೋನು, ಎಲ್ಲವೂ ಹತ್ತು ನಿಮಿಷ ಮುಂದೆ. ಅದೇ ಬೋಗಿ, ಅದೇ ಮೂಲೆ, ಇಸ್ಪೀಟಿಗೆ ಅದೇ ನಾಲ್ವರು, ಮದ್ದೂರು ವಡೆಯ ಬುಟ್ಟಿ ಬಂದಾಗ ದುಡ್ಡು ಯಾರು ಕೊಡಬೇಕೆಂಬ ಅದೇ ಜಗಳ. ನಾಲ್ವರಲ್ಲಿ ಒಬ್ಬರು ಈಗಿಲ್ಲವಂತೆ, ಇನ್ನಿಬ್ಬರು ನಿವೃತ್ತರಾಗಿದ್ದಾರೆ. "ರೈಲು ಈಗಲೂ ಹೋಗುತ್ತದೆ, ಸದ್ದು ಕೇಳಿಸುತ್ತದೆ. ಗಡಿಯಾರವನ್ನು ಹಿಂದಿಡಬೇಕು ಅಂತ ಯಾಕೋ ಅನ್ನಿಸಲೇ ಇಲ್ಲ" ಎಂದು ರಾಯರು ಸುಮ್ಮನಾದರು. ಬಯ್ಯಲೆಂದು ಕೂಡಿಟ್ಟುಕೊಂಡಿದ್ದ ಮೂರು ವಾರಗಳ ಮಾತುಗಳನ್ನು ಎಲ್ಲಿಡುವುದೆಂದು ತಿಳಿಯದೆ ನಾನೂ ಸುಮ್ಮನಾದೆ.

ಕೊನೆಗೆ, ಕಂಪನಿಯ ಗಡಿಯಾರವನ್ನೇ ಹತ್ತು ನಿಮಿಷ ಮುಂದಿಡಲು ಸಾಧ್ಯವೇ ಎಂದು ವಿಚಾರಿಸಿ, ಸಾಧ್ಯವಿಲ್ಲವೆಂದು ಖಚಿತಪಡಿಸಿಕೊಂಡು, ಫೋನನ್ನು ಸ್ವಯಂಚಾಲಿತ ಸಮಯಕ್ಕೆ ಇಡಲು ಅವರು ಒಪ್ಪಿದರು. ಮೊದಲ ಪ್ರಯತ್ನಕ್ಕೇ ವಿಪಿಎನ್ ಕನೆಕ್ಟ್ ಆಯಿತು, ಲೆಕ್ಕ ಮಧ್ಯಾಹ್ನದೊಳಗೆ ಸಲ್ಲಿಕೆಯಾಯಿತು, ನಾನು ಟಿಕೆಟ್ಟನ್ನು ಮುಚ್ಚಿದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗಿಗೆ ರಾಯರು ತಮ್ಮ ವೃತ್ತಿಜೀವನದಲ್ಲೇ ಮೊದಲ ಬಾರಿ ತಡವಾಗಿ ಬಂದರು. ಸರಿಯಾಗಿ ಹತ್ತು ನಿಮಿಷ ತಡ. ಹತ್ತೂಕಾಲಿಗೆ ನನ್ನ ಹೆಸರಿಗೆ ಹೊಸ ಟಿಕೆಟ್ ಬಂತು, ಆದ್ಯತೆ ಅತಿ ತುರ್ತು: "ತಾವು ಸರಿಪಡಿಸಿದ ನಂತರ ಫೋನು ಹತ್ತು ನಿಮಿಷ ನಿಧಾನವಾಗಿ ಚಲಿಸುತ್ತಿದೆ. ದಯವಿಟ್ಟು ಪರಿಶೀಲಿಸುವುದು."