ಸ್ಪೀಕರ್ ಹಿಡಿದು ಗುಡ್ಡ ಹತ್ತುವವರಿಗೆ

ಇದನ್ನು ಬರೆಯದೆ ಇದ್ದರೆ ಇವತ್ತು ನಿದ್ದೆ ಬರುವುದಿಲ್ಲ. ನಮ್ಮನೆಯವರು "ಬಿಟ್ಟಾಕು, ಬಿಪಿ ಮಾತ್ರೆ ತಗೊಂಡ್ಯಾ?" ಅಂತ ಕೇಳಿ ಆಗಲೇ ಮಲಗಿದ್ದಾರೆ. ಅವರಿಗೇನು, ಬೆಳಿಗ್ಗೆಯೆಲ್ಲ ಗುಡ್ಡದ ಕೆಳಗೆ ಹುಣಸೆಮರದ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಪೇಪರ್ ಓದುತ್ತಿದ್ದರು. ಮೇಲೆ ಹೋಗಿ ಅದನ್ನೆಲ್ಲ ನೋಡಿ ಬಂದವಳು ನಾನು.

ವಿಷಯ ಇಷ್ಟೇ. ಮೂರು ಜನ ಹುಡುಗರು. ಮೈತುಂಬ ಕಾಡಿನ ಬಣ್ಣದ ಬಟ್ಟೆ. ನನ್ನ ತೋಳಿನಷ್ಟು ಉದ್ದದ ಲೆನ್ಸ್‌ಗಳು. ಜೊತೆಗೆ ಒಂದು ಬ್ಲೂಟೂತ್ ಸ್ಪೀಕರ್. ಅದನ್ನು ಪೊದೆಯೊಳಗೆ ಇಟ್ಟು, ಮೊಬೈಲಿನಲ್ಲಿ ಒಂದು ಹಕ್ಕಿಯ ಕೂಗು ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ, ರಿಪೀಟ್‌ಗೆ ಬಿಟ್ಟು, ಬಂಡೆಯ ಹಿಂದೆ ಕೂತಿದ್ದರು. ಹಕ್ಕಿ ಬರಲಿ ಅಂತ. ಬಂತು ಕೂಡ. ಬರದೆ ಏನು ಮಾಡುತ್ತದೆ ಪಾಪ.

ಮೇಲುಕೋಟೆ ಕಡೆಯ ಒಂದು ಗುಡ್ಡ ಅನ್ನುವಷ್ಟು ಮಾತ್ರ ಹೇಳುತ್ತೇನೆ. ಯಾವ ಗುಡ್ಡ, ಎಲ್ಲಿ ತಿರುಗಬೇಕು, ಲೊಕೇಶನ್ ಕಳಿಸಿ ಅಂತ ಇನ್‌ಬಾಕ್ಸಿಗೆ ಬರಬೇಡಿ. ಚೆಲುವನಾರಾಯಣನ ದರ್ಶನ ಮಾಡಿ, ಯೋಗಾನರಸಿಂಹನ ಬೆಟ್ಟ ಹತ್ತಿ, ಕಲ್ಯಾಣಿ ಮುಂದೆ ಸೆಲ್ಫಿ ತೆಗೆದುಕೊಂಡು, ಪುಳಿಯೋಗರೆ ಕಟ್ಟಿಸಿಕೊಂಡು ವಾಪಸ್ಸಾಗುವವರ ಕಣ್ಣಿಗೆ ಈ ಗುಡ್ಡ ಬೀಳುವುದೇ ಇಲ್ಲ. ದನ, ಕುರಿ ಮೇಯಿಸುವವರು ನಡೆದೂ ನಡೆದೂ ಆದ ಕಾಲುದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಅಂಗಡಿ ಇಲ್ಲ, ಬೋರ್ಡ್ ಇಲ್ಲ, ಮೊಬೈಲ್ ಸಿಗ್ನಲ್ ಬಂದರೆ ಬಂತು. ಅದಕ್ಕೇ ಅಲ್ಲವೇ ನಾನು ಅಲ್ಲಿಗೆ ಹೋಗುವುದು. ಮೇಷ್ಟ್ರ ಕೆಲಸದಲ್ಲಿ ಮೂವತ್ತು ವರ್ಷ ಮಕ್ಕಳ ಗಲಾಟೆ ಕೇಳಿದ ಕಿವಿ ಇದು. ಸ್ವಲ್ಪ ನಿಶ್ಶಬ್ದ ಸಿಕ್ಕರೆ ಎಲ್ಲಿಗೆ ಬೇಕಾದರೂ ಹತ್ತುತ್ತದೆ.

"ಮೇ ಕೊನೆಯಲ್ಲಿ ಅಲ್ಲೇನಿರುತ್ತೆ, ಎಲ್ಲಾ ಒಣಗಿರುತ್ತಲ್ಲ?" ಅಂತ ಕೇಳುವವರು ಇದ್ದಾರೆ. ನೀವು ಡಿಸೆಂಬರಿನ ಮಂಜಿನಲ್ಲಿ ಸ್ವೆಟರ್ ಹಾಕಿಕೊಂಡು ಹೋಗುವವರು, ಕೇಳುತ್ತೀರಿ ಬಿಡಿ. ಭರಣಿ, ಕೃತ್ತಿಕೆ ಮಳೆ ಒಂದೆರಡು ಸಲ ಚೆನ್ನಾಗಿ ಹೊಡೆದರೆ ಸಾಕು, ಬೇಸಿಗೆಯೆಲ್ಲ ಗಾಳಿಯಲ್ಲಿ ನಿಂತಿದ್ದ ಧೂಳು ಕೆಳಗೆ ಕೂರುತ್ತದೆ. ದೂರದ ಬೆಟ್ಟಗಳ ಅಂಚು ಗೆರೆ ಎಳೆದ ಹಾಗೆ ಸ್ಪಷ್ಟ. ಕಕ್ಕೆಮರದ ಹಳದಿ ಇನ್ನೂ ಪೂರ್ತಿ ಉದುರಿರುವುದಿಲ್ಲ. ಒಣಹುಲ್ಲಿನ ಬುಡದಲ್ಲಿ ಹಸಿರು ಇಣುಕುತ್ತಿರುತ್ತದೆ. ಕವಳೆ ಪೊದೆಯಲ್ಲಿ ಕಪ್ಪು ಹಣ್ಣು, ಕೈಗೆ ಮುಳ್ಳು. ಮಳೆ ಬಿದ್ದ ಮರುಬೆಳಿಗ್ಗೆ ಒದ್ದೆ ಮಣ್ಣಿನ ಮೇಲೆ ಕೆಂಪು ವೆಲ್ವೆಟ್ ಹುಳ ಓಡಾಡುತ್ತದೆ. ಹುಳ ಅನ್ನುತ್ತೇವೆ, ಎಣಿಸಿದರೆ ಎಂಟು ಕಾಲು, ಜೇಡ ಮತ್ತು ಉಣ್ಣಿಗಳ ನೆಂಟ ಅದು. ವರ್ಷವೆಲ್ಲ ನೆಲದೊಳಗೆ ಇದ್ದು ಮೊದಲ ಮಳೆಗಳಿಗೆ ಸ್ವಲ್ಪ ಹೊತ್ತು ಮೇಲೆ ಬರುತ್ತದೆ. ಬೆಳಿಗ್ಗೆ ಎಂಟರವರೆಗೆ ಬೆಳಕು ಮೆತ್ತಗಿರುತ್ತದೆ, ಒಂಬತ್ತಕ್ಕೆ ಎಲ್ಲ ಬಿಳಿಚಿಕೊಳ್ಳುತ್ತದೆ. ಅಷ್ಟರೊಳಗೆ ಕೆಲಸ ಮುಗಿಸಬೇಕು.

ಇವತ್ತು ನಾನು ಹೋಗಿದ್ದು ಓತಿಕ್ಯಾತನಿಗಾಗಿ. ನಗಬೇಡಿ. ನಮ್ಮ ಹಿತ್ತಲ ಬೇಲಿ ಮೇಲೆ ತಲೆ ಆಡಿಸುವ ಓತಿ ಬೇರೆ, ಬಂಡೆ ಮೇಲಿನ ಈ ಓತಿ ಬೇರೆ. ವರ್ಷದ ಬಹುಪಾಲು ಇದು ಬಂಡೆಯ ಬಣ್ಣವೇ, ಕಾಲ ಕೆಳಗೇ ಇದ್ದರೂ ಕಾಣುವುದಿಲ್ಲ. ಜೋಡಿ ಹುಡುಕುವ ಕಾಲ ಬಂದಾಗ ಗಂಡಿನ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ ಆಗುತ್ತದೆ. ಬಂಡೆಯ ತುದಿಗೆ ಹತ್ತಿ, ಮುಂಗಾಲು ಊರಿ ದಂಡ ಹೊಡೆಯಲು ಶುರು. ಎದುರಿಗೆ ಬಂದಿರುವುದು ಹೆಣ್ಣೋ, ಇನ್ನೊಂದು ಗಂಡೋ ಅನ್ನುವುದರ ಮೇಲೆ ಮೈಬಣ್ಣ ಬೇರೆ ಬೇರೆ ರೀತಿ ತಿರುಗುತ್ತದೆ, ಅದೂ ನಾವು ನೋಡನೋಡುತ್ತಿದ್ದ ಹಾಗೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದನ್ನು ಕೂತು ಅಳೆದು ಬರೆದಿದ್ದಾರೆ.

ಇದರ ಫೋಟೋ ತೆಗೆಯುವುದಕ್ಕೆ ದುಡ್ಡಿನ ಲೆನ್ಸ್ ಬೇಡ. ಮಗ ಬಿಟ್ಟುಹೋದ ಹಳೇ ಕ್ಯಾಮೆರಾ, 70-300 ಲೆನ್ಸ್, ನನಗೆ ಅಷ್ಟೇ ಇರುವುದು, ನಿಮಗೆ ಗೊತ್ತು. ನಿಂತುಕೊಂಡು ಮೇಲಿನಿಂದ ಹೊಡೆದರೆ ಬರೀ ಬೆನ್ನು ಬರುತ್ತದೆ. ಹೊಟ್ಟೆ ಊರಿ ಮಲಗಿ ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ತರಬೇಕು. ನಮ್ಮ ನೆರಳು ಅದರ ಮೇಲೆ ಬಿತ್ತೋ, ಸಂದಿಯೊಳಗೆ ಮಾಯ. ಬಿಸಿಲಿಗೆ ಬಂಡೆ ಹೊಳೆಯುತ್ತಿದ್ದರೆ ಕ್ಯಾಮೆರಾ ಮೋಸಹೋಗಿ ಚಿತ್ರವನ್ನು ಕಪ್ಪು ಮಾಡಿಬಿಡುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಪ್ಲಸ್ ಇಟ್ಟುಕೊಳ್ಳಬೇಕು. ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ಸುಮ್ನೆ ಬಿದ್ದಿರುವುದು. ಇರುವೆ ಕಚ್ಚಿದರೂ ಕೈ ಆಡಿಸುವ ಹಾಗಿಲ್ಲ. ನನಗೆ ಇಷ್ಟವಾಗುವುದು ಅದೇ ಹೊತ್ತು. ಈ ವಯಸ್ಸಿನಲ್ಲಿ ಯಾರೂ ಏನೂ ಕೇಳದೆ ಒಂದು ಗಂಟೆ ಮಲಗಲು ಬಿಡುವ ಜಾಗ ಮನೆಯಲ್ಲಿ ಎಲ್ಲಿದೆ ಹೇಳಿ.

ಹಾಗೆ ಮಲಗಿದ್ದಾಗಲೇ ಕೇಳಿಸಿದ್ದು. ಮೊದಲು ಖುಷಿಯಾಯಿತು, ಹಳದಿ ಕತ್ತಿನ ಪಿಕಳಾರ! ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅಪಾಯದ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ಅರ್ಧ ನಿಮಿಷ ಕೇಳಿದ ಮೇಲೆ ಅನುಮಾನ ಬಂತು. ಅದೇ ಕೂಗು, ಅದೇ ಏರಿಳಿತ, ಅದೇ ಜಾಗದಲ್ಲಿ ನಿಲ್ಲುತ್ತಿದೆ, ಮತ್ತೆ ಮೊದಲಿಂದ ಶುರು. ಯಾವ ಹಕ್ಕಿಯೂ ಹಾಗೆ ಕೂಗುವುದಿಲ್ಲ.

ಎದ್ದು ಹೋದೆ. ಹೋದವಳಿಗೆ ಸಿಕ್ಕ ಸ್ವಾಗತ ನೋಡಿ.

"ಆಂಟಿ, ಒಂದೈದು ನಿಮಿಷ ಆ ಕಡೆ ಇರ್ತೀರಾ? ಫ್ರೇಮಲ್ಲಿ ನಿಮ್ಮ ದುಪಟ್ಟಾ ಬರ್ತಿದೆ."

"ಅದೇನಪ್ಪ ಪೊದೆಯೊಳಗೆ ಕೂಗ್ತಿರೋದು?"

"ಸ್ಪೀಕರ್ ಆಂಟಿ. ಇಲ್ಲಾಂದ್ರೆ ಅದು ಹೊರಗೇ ಬರಲ್ಲ."

"ಬರಲ್ಲ ಅಂದ್ರೆ ಅದಕ್ಕೆ ಇಷ್ಟ ಇಲ್ಲ ಅಂತ ತಾನೇ?"

ಮೂವರೂ ನಕ್ಕರು. ತಮಾಷೆ ಮಾಡಿದೆ ಅಂದುಕೊಂಡರು. ನಾನು ತಮಾಷೆ ಮಾಡಿರಲಿಲ್ಲ.

ಹಕ್ಕಿ ಯಾಕೆ ಬರುತ್ತದೆ ಅನ್ನುವುದು ಆ ಮಕ್ಕಳಿಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ಬಹಳಷ್ಟು ಹಕ್ಕಿಗಳ ಹಾಡಿಗೆ ಇರುವ ಒಂದು ಮುಖ್ಯ ಅರ್ಥ: "ಇದು ನನ್ನ ಜಾಗ, ಆಚೆ ಹೋಗು." ಅದನ್ನು ಕೇಳಿದ ಗಂಡುಹಕ್ಕಿ ಬೇರೆ ಯಾರೋ ತನ್ನ ಜಾಗಕ್ಕೆ ನುಗ್ಗಿದ್ದಾನೆ ಅಂದುಕೊಳ್ಳುತ್ತದೆ. ತಿನ್ನುವುದನ್ನು ಬಿಟ್ಟು, ಹೆಣ್ಣನ್ನು ಬಿಟ್ಟು, ಗೂಡಿದ್ದರೆ ಗೂಡನ್ನೂ ಬಿಟ್ಟು ಜಗಳಕ್ಕೆ ಓಡಿಬರುತ್ತದೆ. ಬಯಲಿನ ಕೊಂಬೆ ಮೇಲೆ ಕೂತು ಹುಡುಕುತ್ತದೆ. ಬಿಜ್ಜುಗಳಿಗೂ ಹದ್ದುಗಳಿಗೂ ಆಗ ಅದು ಸುಲಭದ ತುತ್ತು. ನಿಜವಾದ ಎದುರಾಳಿಯಾದರೆ ಒಂದಷ್ಟು ಹೊತ್ತು ಕೂಗಾಡಿ ಸೋತು ಹೋಗುತ್ತದೆ. ಸ್ಪೀಕರ್ ಸೋಲುವುದಿಲ್ಲ. ಚಾರ್ಜ್ ಇರುವವರೆಗೂ ಕೂಗುತ್ತದೆ. ನಡುರಾತ್ರಿ ಯಾರೋ ನಿಮ್ಮ ಗೇಟು ಬಡಿದು "ಈ ಮನೆ ನಂದು, ಖಾಲಿ ಮಾಡು" ಅಂತ ಗಂಟೆಗಟ್ಟಲೆ ಕಿರುಚಿ, ನೀವು ಗಾಬರಿಯಿಂದ ಹೊರಗೆ ಬಂದಾಗ ಮುಖಕ್ಕೆ ಕ್ಯಾಮೆರಾ ಹಿಡಿದರೆ ಹೇಗಿರುತ್ತದೆ? ಆ ಫೋಟೋಗೆ ಐನೂರು ಲೈಕ್ ಬಿದ್ದರೆ ನಿಮಗೆ ಸಮಾಧಾನವೇ?

ಅದೂ ಮೇ ತಿಂಗಳಲ್ಲಿ. ಮುಂಗಾರಿಗೆ ಮುಂಚೆ ಎಷ್ಟೋ ಹಕ್ಕಿಗಳು ಗೂಡಿನ ಕೆಲಸದಲ್ಲಿ ಇರುವಾಗ. ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ "ಬೇಟೆ" ಅನ್ನುವುದರೊಳಗೇ ಸೇರಿಸಿದೆ. ಇವರು ಬಂದೂಕು ತಂದಿರಲಿಲ್ಲ ನಿಜ.

ಈಗ ಬರುತ್ತೀರಿ, ಗೊತ್ತು. "ಸಂಶೋಧಕರೂ ಕೂಗು ಹಾಕಿಯೇ ಹಕ್ಕಿ ಎಣಿಸ್ತಾರಲ್ಲ ಮೇಡಂ?" ಹೌದು. ಅವರು ಲೆಕ್ಕಕ್ಕಾಗಿ ಸ್ವಲ್ಪ ಹೊತ್ತು ಹಾಕಿ, ಉತ್ತರ ಬಂದ ಕೂಡಲೇ ನಿಲ್ಲಿಸಿ, ಬರೆದುಕೊಂಡು ಮುಂದೆ ಹೋಗುತ್ತಾರೆ. ನೀವು ಯಾವ ಲೆಕ್ಕ ಬರೆಯುತ್ತಿದ್ದೀರಿ? "ಮೇಲುಕೋಟೆ ವೈರಮುಡಿ ಜಾತ್ರೆಯ ಮೈಕಿಗಿಂತ ಇದು ಜಾಸ್ತಿನಾ?" ಅಂತ ಒಬ್ಬ ಕೇಳಿಯೇಬಿಟ್ಟ. ಮೈಕಿನ ಸುಪ್ರಭಾತ ಹಕ್ಕಿಗೆ ಬರೀ ಸದ್ದು ಕಣಪ್ಪ. ನಿನ್ನ ಸ್ಪೀಕರ್ ಅದರದೇ ಭಾಷೆಯಲ್ಲಿ ಅದಕ್ಕೆ ಬೈಯುತ್ತಿದೆ. ಇನ್ನು "ಎಲ್ಲರೂ ಮಾಡ್ತಾರೆ" ಅನ್ನುವ ಮಾತಿಗೆ ನಾನು ತರಗತಿಯಲ್ಲೇ ಉತ್ತರ ಕೊಟ್ಟು ಸಾಕಾಗಿದೆ.

ಮೊಬೈಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದವರ ಮೆರ್ಲಿನ್ ಆಪ್ ನನ್ನ ಹತ್ತಿರವೂ ಇದೆ, ಅದೂ ಬಿಟ್ಟಿ. ಕೂಗು ಕೇಳಿಸಿದರೆ ಯಾವ ಹಕ್ಕಿ ಅಂತ ಹೇಳುತ್ತದೆ. ನಾವು ಕೇಳಿಸಿಕೊಳ್ಳುವುದಕ್ಕೆ ಅದಕ್ಕಿಂತ ಸಹಾಯ ಬೇಕೇ? ಅದರೊಳಗಿನ ಕೂಗನ್ನು ಹಕ್ಕಿಗೇ ಕೇಳಿಸುವ ಬುದ್ಧಿ ಯಾಕೆ ಬರುತ್ತದೋ.

ಯಾಕೆ ಅಂದರೆ ಕಾಯುವುದಕ್ಕೆ ಆಗುವುದಿಲ್ಲ. ನನ್ನ ಮಾವನವರ ಕಾಲದಲ್ಲಿ ಒಂದು ರೋಲಿಗೆ 36 ಫೋಟೋ. ತೊಳೆಸಿ ಬರುವವರೆಗೂ ಏನು ಬಂದಿದೆ ಅಂತ ಗೊತ್ತಿಲ್ಲ. ಈಗಿನ ಕ್ಯಾಮೆರಾ ಸೆಕೆಂಡಿಗೆ 20 ಹೊಡೆಯುತ್ತದೆ, ಹಾಗಿದ್ದೂ ಇವರಿಗೆ ಪುರುಸೊತ್ತಿಲ್ಲ. ವನ್ಯಜೀವಿಗಳ ಫೋಟೋ, ಸಿನಿಮಾ ತೆಗೆಯುವ ಕೃಪಾಕರ-ಸೇನಾನಿ ನಮ್ಮ ಮೈಸೂರಿನವರೇ. ಕೆನ್ನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದವರು. ಅವರ ಊರಿನಲ್ಲಿ ಕ್ಯಾಮೆರಾ ಹಿಡಿದವರಿಗೆ ಒಂದು ಬೆಳಗಿನ ಹೊತ್ತು ಕೂರಲು ಆಗುವುದಿಲ್ಲ ಅಂದರೆ ಏನು ಹೇಳುವುದು.

ಒಂದು ಹಳೇ ಸುದ್ದಿ ನೆನಪಾಯಿತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ 2009ರಲ್ಲಿ ಗೇಟು ಹಾರುವ ತೋಳದ ಚಿತ್ರಕ್ಕೆ ದೊಡ್ಡ ಬಹುಮಾನ ಬಂತು. ಮರುವರ್ಷ ಜನವರಿಯಲ್ಲಿ ಬಹುಮಾನ ವಾಪಸ್. ಆ ತೋಳ ಸಾಕಿದ್ದು ಇರಬಹುದು ಅಂತ ತೀರ್ಪುಗಾರರಿಗೆ ಅನ್ನಿಸಿತು. ತೆಗೆದವರು ಕೊನೆವರೆಗೂ ಒಪ್ಪಲಿಲ್ಲ. ನಮ್ಮ ಮೇಲುಕೋಟೆ ಅಭಯಾರಣ್ಯವನ್ನು 1974ರಲ್ಲಿ ಮಾಡಿದ್ದು ತೋಳಗಳಿಗಾಗಿಯೇ. ಇಲ್ಲಿ ತೋಳದ ಫೋಟೋ ಬೇಕಾದವರು ನಾಳೆ ಊಳಿಡುವ ಸದ್ದನ್ನೂ ಸ್ಪೀಕರಿನಲ್ಲಿ ಹಾಕುತ್ತಾರೆ, ನೋಡುತ್ತಿರಿ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಆ ಹುಡುಗರಲ್ಲಿ ಒಬ್ಬ ಕ್ಯಾಮೆರಾ ತಿರುಗಿಸಿ ಸ್ಕ್ರೀನ್ ತೋರಿಸಿದ. ನೋಡಬಾರದು ಅಂದುಕೊಂಡೆ, ನೋಡಿದೆ. ಫೋಟೋ ಅದ್ಭುತವಾಗಿತ್ತು. ಗಂಟಲಿನ ಹಳದಿ, ಅರ್ಧ ತೆರೆದ ಕೊಕ್ಕು, ಹಿಂದೆ ಮಸುಕಾದ ಹಸಿರು. ಆ ಹಕ್ಕಿಗಾಗಿ ಎಷ್ಟು ವರ್ಷದಿಂದ ಅಲೆಯುತ್ತಿದ್ದೇನೆ, ನನ್ನ ಹತ್ತಿರ ಇರುವುದು ಬೆನ್ನು ತಿರುಗಿಸಿ ಹಾರುತ್ತಿರುವ ಒಂದು ಮಸಕು ಚಿತ್ರ. ಹೊಟ್ಟೆ ಉರಿಯಿತು. ಈ ಬರಹದಲ್ಲಿ ಅರ್ಧ ಆ ಉರಿಯೇ ಇರಬಹುದು. ಇರಲಿ. ನನಗೆ ಹೊಟ್ಟೆಕಿಚ್ಚು ಇದೆ ಅಂದಮಾತ್ರಕ್ಕೆ ಅವರ ಸ್ಪೀಕರ್ ಸರಿಯಾಗುವುದಿಲ್ಲ. ಆ ತೆರೆದ ಕೊಕ್ಕು ನೋಡಿ ಎಲ್ಲರೂ "ವಾವ್, ಹಾಡ್ತಿದೆ" ಅನ್ನುತ್ತಾರೆ. ಅದು ಯಾವ ಹಾಡು ಅಂತ ಅಲ್ಲಿದ್ದ ನಾಲ್ಕು ಜನಕ್ಕೆ ಮಾತ್ರ ಗೊತ್ತು.

ನಾಳೆಯೋ ನಾಡಿದ್ದೋ ಆ ಫೋಟೋ ಯಾವುದಾದರೂ ಗ್ರೂಪಿನಲ್ಲಿ ಬರುತ್ತದೆ. ಕೆಳಗೆ "ತಾಳ್ಮೆಯ ಫಲ" ಅಂತ ಬರೆದಿದ್ದರೆ ನಾನು ಖಂಡಿತ ಕಾಮೆಂಟ್ ಹಾಕುತ್ತೇನೆ, ಯಾರೂ ತಡೆಯಬೇಡಿ. ಸ್ಪರ್ಧೆ ನಡೆಸುವ ಫೋಟೋ ಕ್ಲಬ್ಬಿನ ಗೆಳೆಯರು ಈ ಪಟ್ಟಿಯಲ್ಲಿ ಇದ್ದೀರಿ, ನಿಮ್ಮನ್ನೂ ಒಂದು ಕೇಳಿಕೊಳ್ಳುತ್ತೇನೆ. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಶಟರ್ ಎಷ್ಟು, ಐಎಸ್‌ಒ ಎಷ್ಟು ಅಂತ ಎಲ್ಲ ಬರೆಸಿಕೊಳ್ಳುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಸ್ಪೀಕರ್ ಯಾವ ಕಂಪನಿ, ವಾಲ್ಯೂಮ್ ಎಷ್ಟು ಇಟ್ಟಿದ್ದಿರಿ, ಎಷ್ಟು ಹೊತ್ತು ಕೂಗಿಸಿದಿರಿ.