ಗಸೆಟ್ ಹೊಲಿಯುವ ಮುನ್ನ ತೂತು ಎಣಿಸಿ

ಕೈಹೊಲಿಗೆಯ ಚರ್ಮದ ಚೀಲದ ಫೋಟೊ ಯಾರು ಹಾಕಿದರೂ ಅದರಲ್ಲಿ ಕಾಣುವುದು ಮುಂಭಾಗ. ನನಗೆ ಅದನ್ನು ಪಕ್ಕಕ್ಕೆ ತಿರುಗಿಸಿ ಕೆಳಗಿನ ಮೂಲೆ ನೋಡುವ ಆಸೆ. ಮುಂದಿನ ತುಂಡನ್ನೂ ಹಿಂದಿನ ತುಂಡನ್ನೂ ಸೇರಿಸಿ ಚೀಲಕ್ಕೆ ಹೊಟ್ಟೆ ಕೊಡುವ ಆ ಪಕ್ಕದ ಪಟ್ಟಿ, ಅಂದರೆ ಗಸೆಟ್, ಮೂಲೆಯಲ್ಲಿ ಹೇಗೆ ಹೊರಳಿದೆ ಅಂತ ನೋಡಿದರೆ ಹೊಲಿದವರ ಕೈ ಗೊತ್ತಾಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಗಸೆಟ್ ಉದ್ದವನ್ನು ಟೇಪಿನಿಂದ ತೀರ್ಮಾನಿಸಬೇಡಿ, ಹೊಲಿಗೆಗೆಂದು ಚರ್ಮಕ್ಕೆ ಮೊದಲೇ ಹಾಕುವ ತೂತುಗಳಿಂದ ತೀರ್ಮಾನಿಸಿ.

ನನ್ನ ಮೊದಲ ಚೀಲಕ್ಕೆ ಅಂಚಿನ ಸುತ್ತಳತೆ ಅಳೆದು, ಅಷ್ಟೇ ಉದ್ದದ ಪಟ್ಟಿ ಕತ್ತರಿಸಿ, ಅಂಟಿಸಿ, ಬಾಯಿಯ ಒಂದು ತುದಿಯಿಂದ ಹೊಲಿಯುತ್ತ ಬಂದೆ. ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಪಟ್ಟಿಯಲ್ಲಿ ಎರಡು ತೂತು ಮಿಕ್ಕಿದ್ದವು. ಎಳೆದು ಜಗ್ಗಿ ಸರಿಮಾಡಿದೆ. ಹಿಂಭಾಗವನ್ನು ಎದುರು ತುದಿಯಿಂದ ಶುರುಮಾಡಿದ್ದರಿಂದ ಅಲ್ಲಿ ಎಳೆತ ಉಲ್ಟಾ ಬಿತ್ತು. ಚೀಲ ಮೇಜಿನ ಮೇಲೆ ತಿರುಚಿಕೊಂಡೇ ಕೂತಿತು. ಇಡೀ ಹೊಲಿಗೆ ಬಿಚ್ಚಬೇಕಾಯಿತು.

ಕಾರಣ ಆಮೇಲೆ ಹೊಳೆಯಿತು. ಹೊಲಿಗೆ ಅಂಚಿನ ಮೇಲೆ ಹೋಗುವುದಿಲ್ಲ, 3 ಮಿ.ಮೀ. ಒಳಗೆ ಹೋಗುತ್ತದೆ. ನೇರ ಭಾಗದಲ್ಲಿ ಇದರಿಂದ ವ್ಯತ್ಯಾಸವಿಲ್ಲ. ದುಂಡು ಮೂಲೆಯಲ್ಲಿ ಮಾತ್ರ ಹೊಲಿಗೆಯ ಗೆರೆ ಅಂಚಿಗಿಂತ ಸುಮಾರು 4.7 ಮಿ.ಮೀ. ಗಿಡ್ಡ. ಎರಡು ಮೂಲೆ ಸೇರಿದರೆ, 4 ಮಿ.ಮೀ. ಅಂತರದ ಹೊಲಿಗೆಯಲ್ಲಿ ಹೆಚ್ಚುಕಡಿಮೆ ಎರಡು ತೂತು!

ಈಗ ಮೊದಲು ಮುಂದಿನ ತುಂಡಿಗೆ ತೂತು ಹಾಕಿ ಎಣಿಸುತ್ತೇನೆ. 18 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರದ ಚೀಲಕ್ಕೆ ಸುಮಾರು 108 ಬರುತ್ತದೆ. ಗಸೆಟ್ಟಿನ ಎರಡೂ ಅಂಚಿಗೆ ಅಷ್ಟೇ ತೂತು, ತಳದ ನಡುಮಧ್ಯದಿಂದ ಎರಡೂ ಕಡೆಗೆ ಎಣಿಸಿಕೊಂಡು. ಪಟ್ಟಿಯನ್ನು ಒಂದೆರಡು ಸೆಂ.ಮೀ. ಉದ್ದವೇ ಬಿಟ್ಟು, ಹೊಲಿದಾದ ಮೇಲೆ ಬಾಯಿಯ ಹತ್ತಿರ ಕತ್ತರಿಸುತ್ತೇನೆ. ಅಂಟಿಸುವಾಗ ಹತ್ತು ತೂತಿಗೊಂದರಂತೆ ಸೂಜಿ ಚುಚ್ಚಿ ನಿಲ್ಲಿಸುತ್ತೇನೆ. ಕ್ಲಿಪ್ ಜಾರುತ್ತದೆ, ಸೂಜಿ ಜಾರುವುದಿಲ್ಲ.

ಗಸೆಟ್ಟಿಗೆ ತೆಳು ಚರ್ಮ ಸಾಕು, ಮುಂಭಾಗ 2 ಮಿ.ಮೀ. ಇದ್ದರೆ ಇದು 1.2. ಸಸ್ಯದ ತೊಗಟೆಯಿಂದ ಹದಮಾಡಿದ ಚರ್ಮವಾದರೆ ಒದ್ದೆ ಮಾಡಿ ಅಂಚು ಮಡಚಿ ಮೂಲೆಯಲ್ಲಿ ಬಗ್ಗಿಸಿಡಿ. ಒಣಗಿದ ಮೇಲೂ ಆ ಆಕಾರ ಉಳಿಯುತ್ತದೆ. ಕ್ರೋಮಿಯಂ ಲವಣದಿಂದ ಹದಮಾಡಿದ ಕ್ರೋಮ್ ಚರ್ಮ ಹೀಗೆ ಮಾತು ಕೇಳುವುದಿಲ್ಲ.

"ಮಿಷನ್‌ನಲ್ಲಿ ಹೊಡೆದರೆ ಆಗಲ್ವಾ?" ಅಂತ ಕೇಳುವವರಿದ್ದಾರೆ. ಒಳಜೇಬಿಗೆ ಧಾರಾಳವಾಗಿ ಆಗುತ್ತದೆ. ಗಸೆಟ್ಟಿಗೆ ಬೇಡ ಅನ್ನುತ್ತೇನೆ. ಚೀಲ ತೆರೆದು ಮುಚ್ಚಿದಾಗಲೆಲ್ಲ ಎಳೆತ ಬೀಳುವುದು ಇಲ್ಲೇ. ಮಿಷನ್ನಿನ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗುತ್ತದೆ. ಕೈಯಲ್ಲಿ ಹಾಕುವ ಸ್ಯಾಡಲ್ ಸ್ಟಿಚ್‌ನಲ್ಲಿ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ದಾರ ಎರಡು ಸಲ ಹಾಯುತ್ತದೆ. ಒಂದು ಕಡೆ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ದಾರ ಹೊಲಿಗೆಯ ಉದ್ದದ ನಾಲ್ಕು ಪಟ್ಟು ಬೇಕು, ಈ ಚೀಲದ ಒಂದು ಬದಿಗೆ ಒಂದೂಮುಕ್ಕಾಲು ಮೀಟರ್. ಜೇನುಮೇಣ ಉಜ್ಜಿಕೊಳ್ಳಿ. ಸೂಜಿಯ ತುದಿ ಮೊಂಡಾಗಿರಲಿ. ಚೂಪಾಗಿದ್ದರೆ ಎರಡನೇ ಸಲ ಹೋಗುವಾಗ ತೂತಿನೊಳಗಿನ ದಾರವನ್ನೇ ಸೀಳುತ್ತದೆ.

ಮೂಲೆ ಬಂದಾಗ ಮಾತ್ರ ಕೈ ನಿಧಾನ ಮಾಡಿ. ಅಲ್ಲಿ ಬಿಗಿ ಹೆಚ್ಚಾದರೆ ತೆಳು ಚರ್ಮ ನೆರಿಗೆ ಬೀಳುತ್ತದೆ. ನಾನು ಮೂಲೆಯ ಒಂದೊಂದು ಹೊಲಿಗೆ ಎಳೆದ ಮೇಲೂ ಪಟ್ಟಿಯ ಮಡಿಕೆಯನ್ನು ಹೆಬ್ಬೆರಳಿನಿಂದ ಒಳಗಿನಿಂದ ಒತ್ತಿ ನೋಡುತ್ತೇನೆ. ದಾರ ಚರ್ಮದಲ್ಲಿ ಕೂತಿರಬೇಕು, ಚರ್ಮವನ್ನು ಕೊಯ್ಯಬಾರದು. ಬಿಚ್ಚಿ ಮತ್ತೆ ಹೊಲಿದ ಆ ಮೊದಲ ಚೀಲದ ಎಡಮೂಲೆಯಲ್ಲಿ ಹೀಗೆ ಕೊಯ್ದ ಗುರುತು ನಾಲ್ಕಿವೆ. ಬಲಮೂಲೆಯಲ್ಲಿ ಒಂದೂ ಇಲ್ಲ.