ಯಾರು ಒತ್ತಿದ್ದು ಇದನ್ನ?

ಟಿವಿ ಪರದೆ ಕಪ್ಪಾದರೆ ನಮ್ಮ ಮನೆಗಳಲ್ಲಿ ಮೊದಲು ಆರೋಪಿ ಸಿಗುತ್ತಾನೆ, ಕಾರಣ ಆಮೇಲೆ. ಕೊನೆಗೆ ರಿಮೋಟ್ ಹಿಡಿದವರು ಯಾರೋ ಅವರದೇ ತಪ್ಪು. "ಪುಟ್ಟಾ, ಏನೋ ಒತ್ತಿದೆ ನೀನು?" ಎನ್ನುವಷ್ಟರಲ್ಲಿ ವಿಚಾರಣೆ ಮುಗಿದು ತೀರ್ಪೂ ಬಂದಿರುತ್ತದೆ. ಧಾರಾವಾಹಿಯಲ್ಲಿ ಅತ್ತೆ ಲಕೋಟೆ ಒಡೆಯುವ ಹೊತ್ತಿಗೇ ಚಿತ್ರ ಹೋದರಂತೂ ಮೇಲ್ಮನವಿಗೂ ಅವಕಾಶವಿಲ್ಲ. ಪಾಪ, ಪುಟ್ಟ ಬಹುತೇಕ ಸಲ ನಿರಪರಾಧಿ. ಕಟಕಟೆಯಲ್ಲಿ ನಿಲ್ಲಬೇಕಾದವರು ಕಿಲುಬು, ಚಕ್ಕುಲಿಯ ಎಣ್ಣೆ, ಮಳೆಹನಿ, ಟೆರೇಸಿನ ಬಟ್ಟೆ ಹಗ್ಗ, ಅಪರೂಪಕ್ಕೊಮ್ಮೆ ಸಾಕ್ಷಾತ್ ಸೂರ್ಯ.

ರಿಮೋಟಿನಿಂದಲೇ ಶುರು ಮಾಡೋಣ. ಅದು ಮಾತು ಕೇಳದಿದ್ದರೆ ಅಂಗೈಗೆ ಎರಡೇಟು ಬಡಿಯುವುದು ತಲೆಮಾರುಗಳಿಂದ ಬಂದ ಚಿಕಿತ್ಸೆ. ನಗಬೇಡಿ, ಕೆಲಸ ಮಾಡುತ್ತದೆ. ಸೆಲ್ ಕೂರುವ ಸ್ಪ್ರಿಂಗಿಗೆ ತೆಳುವಾಗಿ ಕಿಲುಬು ಹಿಡಿದಿರುತ್ತದೆ. ಬಡಿದಾಗ ಸೆಲ್ ಒಂದಿಷ್ಟು ಸರಿದು ಬೇರೆ ಜಾಗಕ್ಕೆ ತಾಗುತ್ತದೆ, ಕರೆಂಟು ಹರಿಯುತ್ತದೆ. ಸೆಲ್‌ಗಳನ್ನು ಇದ್ದಲ್ಲೇ ಬೆರಳಲ್ಲಿ ಉರುಳಿಸಿದರೂ ಅದೇ ಫಲ, ಸದ್ದೂ ಇಲ್ಲ. ಒಂದು ಹೊಸ ಸೆಲ್, ಒಂದು ಹಳೇದು ಎಂಬ ಉಳಿತಾಯ ಮಾತ್ರ ಬೇಡ. ಸುಸ್ತಾದ ಸೆಲ್ ಪೂರ್ತಿ ಬರಿದಾಗಿ ಒಳಗಿನ ರಸ ಕಕ್ಕುತ್ತದೆ, ಸ್ಪ್ರಿಂಗನ್ನೂ ತಿನ್ನುತ್ತದೆ.

ಅಪರಾಧಿ ರಿಮೋಟೋ ಟಿವಿಯೋ ಎಂದು ತಿಳಿಯಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ಸಾಕು. ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಅಲ್ಲಿ ನೇರಳೆ ಬಿಳಿಯಾಗಿ ಮಿಣುಕುತ್ತದೆ. (ಹಿಂದಿನ ಕ್ಯಾಮೆರಾದಲ್ಲಿ ಅದನ್ನು ತಡೆಯುವ ಫಿಲ್ಟರ್ ಇರುವುದು ಹೆಚ್ಚು, ಅದನ್ನು ನಂಬಬೇಡಿ.) ಮಿಣುಕಿದರೆ ರಿಮೋಟ್ ಬಿಡುಗಡೆ. ಟಿವಿಯ ಕೆಳ ಅಂಚಿನಲ್ಲಿರುವ ಪುಟ್ಟ ಕಣ್ಣಿಗೆ ಏನು ಅಡ್ಡ ನಿಂತಿದೆ ನೋಡಿ. ಒಂದೋ ಚನ್ನಪಟ್ಟಣದ ಗೊಂಬೆ, ಇಲ್ಲವೇ ಯಾರದೋ ಮದುವೆಯಲ್ಲಿ ಕೊಟ್ಟ ಫೋಟೋ ಫ್ರೇಮು.

ಎಲ್ಲ ಗುಂಡಿ ಸರಿಯಿದ್ದು ವಾಲ್ಯೂಮ್ ಒಂದೇ ಸತ್ತಿದ್ದರೆ ಅದು ಎಣ್ಣೆಯ ಕೆಲಸ. ರಬ್ಬರ್ ಗುಂಡಿಯ ತಳದಲ್ಲಿ ಕರಿ ಕಾರ್ಬನ್ ಬಿಲ್ಲೆ ಇರುತ್ತದೆ. ಅದಕ್ಕೂ ಕೆಳಗಿನ ಬೋರ್ಡಿಗೂ ನಡುವೆ ಜಿಡ್ಡು ಸೇರಿದರೆ ಎಷ್ಟು ಅದುಮಿದರೂ ಸಂಪರ್ಕವಿಲ್ಲ. ಸೆಲ್ ತೆಗೆದು, ಆ ಗೂಡಿನಲ್ಲಿ ಸ್ಕ್ರೂ ಅಡಗಿದ್ದರೆ ಬಿಚ್ಚಿ, ಅಂಚಿನ ಸಂದಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ನಿಧಾನಕ್ಕೆ ಎಬ್ಬಿಸಿ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಎರಡೂ ಕಡೆ ಒರೆಸಿ, ಹತ್ತು ನಿಮಿಷ ಆರಲು ಬಿಟ್ಟು ಮುಚ್ಚಿ. ಜೋರಾಗಿ ಉಜ್ಜಿದರೆ ಕಾರ್ಬನ್ನೇ ಎದ್ದು ಬರುತ್ತದೆ. ಇಷ್ಟೆಲ್ಲ ಯಾಕೆ ಎನ್ನುವವರು ರಿಮೋಟಿನ ಪ್ಲಾಸ್ಟಿಕ್ ಕವರನ್ನು ವರ್ಷಗಟ್ಟಲೆ ತೆಗೆಯದ ಅಮ್ಮಂದಿರನ್ನು ಗೇಲಿ ಮಾಡುವುದು ನಿಲ್ಲಿಸಲಿ. ಅವರು ಮಾಡಿದ್ದೇ ಸರಿ.

ಇನ್ನು ಮಳೆ. ಮುಂಗಾರಿಗೂ ಡಿಶ್‌ಗೂ ಇರುವ ಹಗೆತನಕ್ಕೆ ಲೆಕ್ಕವಿದೆ. ಡಿಟಿಎಚ್ ಸಿಗ್ನಲ್ಲಿನ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಅಷ್ಟು ಚಿಕ್ಕ ಅಲೆಯನ್ನು ದಪ್ಪ ಮಳೆಹನಿಗಳು ಹೀರುತ್ತವೆ, ಚೆದುರಿಸುತ್ತವೆ. ಉಪಗ್ರಹದಿಂದ ಸುಮಾರು 36,000 ಕಿ.ಮೀ. ಏನೂ ಆಗದೆ ಇಳಿದು ಬಂದದ್ದು ಕೊನೆಯ ನಾಲ್ಕೈದು ಕಿ.ಮೀ.ಯಲ್ಲಿ ಸೋಲುತ್ತದೆ. ಸುರಿಯುವಾಗ ಇದಕ್ಕೆ ಮದ್ದಿಲ್ಲ. ಕಾಯಬೇಕು, ಬೇಕಾದರೆ ಬೋಂಡಾ ಕರಿಯಬಹುದು. ಕೊಡೆ ಹಿಡಿದು ಪಾಚಿಗಟ್ಟಿದ ಟೆರೇಸಿಗೆ ಹತ್ತಿ, ಗುಡುಗು ಸಿಡಿಲಿನ ನಡುವೆ ಕಬ್ಬಿಣದ ತಟ್ಟೆ ಅಲ್ಲಾಡಿಸುವ ಸಾಹಸ ಮಾತ್ರ ಬೇಡ.

ತುಂತುರಿಗೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ಕಥೆ ಬೇರೆ. ಸಿಗ್ನಲ್ ಮೊದಲೇ ಅರೆಜೀವವಾಗಿತ್ತು, ಮಳೆ ನೆಪವಾಯಿತು ಅಷ್ಟೆ. ಬಿಸಿಲಿದ್ದಾಗ ಮೇಲೆ ಹೋಗಿ ನೋಡಿ. ಡಿಶ್ ಎರಡು ಡಿಗ್ರಿ ತಿರುಗಿದರೂ ಸಾಕು, ಉಪಗ್ರಹ ಕೈ ತಪ್ಪುತ್ತದೆ. ಅದನ್ನು ತಿರುಗಿಸುವುದು ಗಾಳಿಗಿಂತ ಹೆಚ್ಚಾಗಿ ಅದರ ಕಂಬಕ್ಕೆ ಹಗ್ಗ ಕಟ್ಟಿ ಒದ್ದೆ ರಗ್ಗು ಒಣಹಾಕಿದ ಮಹನೀಯರು. ಅದು ಸರಿಯಿದ್ದರೆ ಪಕ್ಕದ ತೆಂಗಿನ ಗರಿ ಈ ವರ್ಷ ಎಲ್ಲಿಯವರೆಗೆ ಚಾಚಿದೆ ಗಮನಿಸಿ. ಅದೂ ಅಲ್ಲವಾದರೆ ಕೇಬಲ್ ತುದಿಯ ಕನೆಕ್ಟರಿಗೆ ನೀರು ಹೊಕ್ಕಿದೆ. ಬಾಕ್ಸಿನ ಸ್ವಿಚ್ ಆರಿಸಿ ಬಿಚ್ಚಿ ನೋಡಿ. ತಾಮ್ರದ ತಂತಿ ಹಸಿರುಗಟ್ಟಿದ್ದರೆ ಅಷ್ಟನ್ನು ಕತ್ತರಿಸಿ, ಹೊಸ ತುದಿ ಸುಲಿದು, ಕನೆಕ್ಟರಿನ ಆಚೆ ಎರಡು ಮೂರು ಮಿಲಿಮೀಟರ್ ತಾಮ್ರ ಕಾಣುವಂತೆ ಕೂರಿಸಿ. ಸುತ್ತಲಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಕೇಬಲ್ ಮನೆಯೊಳಗೆ ಬರುವಲ್ಲಿ ಒಂದು ಸುತ್ತು ಕೆಳಗೆ ಜೋಲು ಬಿಡಿ; ನೀರು ಆ ಜೋಲಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಗೋಡೆಯೊಳಗೆ ಇಳಿಯುವುದಿಲ್ಲ.

"ಅರ್ಧ ಚಾನೆಲ್ ಬರ್ತವೆ, ಅರ್ಧ ಇಲ್ಲ" ಎನ್ನುವುದೂ ಮಾಟವಲ್ಲ. ಸೆಟ್‌ಟಾಪ್ ಬಾಕ್ಸ್ ಅದೇ ಕೇಬಲಿನಲ್ಲಿ ಡಿಶ್ ಮುಂದೆ ಸಿಗ್ನಲ್ ಹಿಡಿಯಲು ಕೂತಿರುವ ಎಲ್‌ಎನ್‌ಬಿ ಎಂಬ ಪುಟ್ಟ ಡಬ್ಬಿಗೆ 13 ವೋಲ್ಟ್ ಕಳಿಸಿದರೆ ಒಂದು ಗುಂಪಿನ ಚಾನೆಲ್, 18 ಕಳಿಸಿದರೆ ಇನ್ನೊಂದು ಗುಂಪು. ಕೆಟ್ಟ ಕೇಬಲಿನಲ್ಲಿ ವೋಲ್ಟೇಜ್ ಸೋರಿ 18 ಪೂರ್ತಿ ತಲುಪದಿದ್ದರೆ ಆ ಗುಂಪೇ ಮಾಯ. ಸಂಪಿಗೆ ಬಣ್ಣದ ಬಿಸಿಲಿರುವ ಮಾರ್ಚ್ ನಡುವಿನ ದಿನಗಳಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕೆಲವು ನಿಮಿಷ ಎಲ್ಲವೂ ಹೋದರೆ ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ನಿಂತು ಅದರ ಸಿಗ್ನಲ್ ಮುಳುಗಿಸುತ್ತಿದ್ದಾನೆ ಎಂದರ್ಥ. ಅವನನ್ನು ಬೈದು ಪ್ರಯೋಜನವಿಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಕಾಯುವಷ್ಟರಲ್ಲಿ ಸರಿದಿರುತ್ತಾನೆ.

ಸಿನಿಮಾ ಪ್ರಿಯರ ಸಂಕಟವೇ ಬೇರೆ. ಹೊಸ ಟಿವಿ ತಂದು ಇಷ್ಟದ ಸಿನಿಮಾ ಹಾಕಿದರೆ ಅದು ಮೆಗಾ ಧಾರಾವಾಹಿಯ ಹಾಗೆ ನುಣ್ಣಗೆ, ನಿರ್ಜೀವವಾಗಿ ಕಾಣುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ತನ್ನ ಬುದ್ಧಿ ಉಪಯೋಗಿಸಿ ನಡುವೆ ಇಲ್ಲದ ಚಿತ್ರಗಳನ್ನು ಸೃಷ್ಟಿಸಿ ತುಂಬುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂಬ ಹೆಸರಲ್ಲಿ ಪಿಕ್ಚರ್ ಸೆಟ್ಟಿಂಗಿನೊಳಗೆ ಕೂತಿರುವ ಇದನ್ನು ಮುಲಾಜಿಲ್ಲದೆ ಆಫ್ ಮಾಡಿ. ಕ್ರಿಕೆಟ್ ದಿನ ಬೇಕೆನಿಸಿದರೆ ಮತ್ತೆ ಹಾಕಿಕೊಳ್ಳಿ.

ಆಗ ಚಿಕ್ಕಪ್ಪ ಬರುತ್ತಾರೆ. "ಮೇಲೂ ಕೆಳಗೂ ಕಪ್ಪು ಪಟ್ಟಿ ನೋಡೋಕೆ ಇಷ್ಟು ದುಡ್ಡು ಕೊಟ್ರಾ?" ಎಂದು ಝೂಮ್ ಒತ್ತುತ್ತಾರೆ. ಸಿನಿಮಾಸ್ಕೋಪಿನ ಅಗಲ ಎತ್ತರದ 2.39 ಪಟ್ಟು, ಟಿವಿಯದು 1.78 ಪಟ್ಟು. ಪರದೆ ತುಂಬಿಸಿದರೆ ಚಿತ್ರದ ಅಗಲದಲ್ಲಿ ಕಾಲು ಭಾಗ ಹೊರಗೆ ಬೀಳುತ್ತದೆ. ಎರಡು ಅಂಚಿಗೆ ನಿಂತು ಜಗಳವಾಡುವ ಅಣ್ಣ ತಮ್ಮಂದಿರಲ್ಲಿ ಉಳಿಯುವುದು ಎರಡು ಮೂಗು ಮತ್ತು ನಡುವಿನ ಹೂದಾನಿ. ಪಟ್ಟಿ ಇರಲಿ ಬಿಡಿ, ಚಿಕ್ಕಪ್ಪನವರೇ.

ಮಾತು ಕೇಳಿಸದೆ ಹಿನ್ನೆಲೆ ಸಂಗೀತವೇ ಕಿವಿಗೆ ಬಡಿಯುತ್ತಿದ್ದರೆ ಆಡಿಯೊ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ ನೋಡಿ. 5.1ರಲ್ಲಿ ಸಂಭಾಷಣೆಗೆಂದೇ ನಡುವೆ ಒಂದು ಸ್ಪೀಕರ್ ಮೀಸಲು, ಅದು ನಿಮ್ಮ ಟಿವಿಯಲ್ಲಿ ಇಲ್ಲವೇ ಇಲ್ಲ.

ಒಟಿಟಿಯ ಕ್ಲೈಮ್ಯಾಕ್ಸಿನಲ್ಲಿ ಹೀರೋ ಕೈಯೆತ್ತಿದವನು ಎತ್ತಿದಂತೆಯೇ ನಿಂತು, ಮೇಲೊಂದು ಚಕ್ರ ತಿರುಗತೊಡಗಿದರೆ ಅಡುಗೆಮನೆಗೆ ಹೋಗಿ ನೋಡಿ. ಯಾರೋ ಮೈಕ್ರೋವೇವಿನಲ್ಲಿ ನಿನ್ನೆಯ ಸಾಂಬಾರು ಬಿಸಿ ಮಾಡುತ್ತಿರಬಹುದು. ಆ ಒಲೆ ಕೆಲಸ ಮಾಡುವುದೂ ಹಳೇ ವೈಫೈ ಓಡುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ಒಲೆಯಿಂದ ಒಂದಿಷ್ಟು ಸೋರಿದರೂ ವೈಫೈ ತಡವರಿಸುತ್ತದೆ. ಟಿವಿಯನ್ನು ರೌಟರಿನ 5 ಗಿಗಾಹರ್ಟ್ಸ್ ವೈಫೈ ಹೆಸರಿಗೆ ಸೇರಿಸಿದರೆ ಸಾಂಬಾರು, ಸಿನಿಮಾ ಎರಡೂ ಬಿಸಿಯಾಗಿರುತ್ತವೆ. ರೌಟರ್ ಟಿವಿ ಪಕ್ಕದಲ್ಲೇ ಇದ್ದರೆ ಲ್ಯಾನ್ ವೈರ್ ಚುಚ್ಚಿಬಿಡಿ, ಅದಕ್ಕಿಂತ ಭದ್ರ ಯಾವುದೂ ಇಲ್ಲ.

ಇಷ್ಟೆಲ್ಲ ರಗಳೆ ಬೇಡವೆಂದು ಪುಸ್ತಕ ಹಿಡಿದರೆ ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆಯಲ್ಲೇ ತೂತು. ಕೊಲೆಗಾರನ ಹೆಸರು ತಿಂದವನು ಬೆಳ್ಳಿ ಬಣ್ಣದ, ಮೂರು ಬಾಲದ ಪುಟ್ಟ ಹುಳು. ಸಾಹಿತ್ಯಾಸಕ್ತಿಯೇನೂ ಇಲ್ಲ ಅದಕ್ಕೆ. ಬೈಂಡಿನ ಮೈದಾ ಅಂಟಿನಲ್ಲಿರುವ ಗಂಜಿ ಬೇಕು, ಜತೆಗೆ ಕತ್ತಲೆ ಮತ್ತು ತೇವ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟರೆ ಗಾಳಿಯಾಡಿ ಬೂಷ್ಟೂ ಕಡಿಮೆ. ಹುಳು ಹಿಡಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಕಟ್ಟಿ, ಫ್ರೀಜರಿನಲ್ಲಿ ಕನಿಷ್ಠ ಒಂದು ವಾರ ಇಡಿ. ಎರಡಾದರೆ ಇನ್ನೂ ಒಳ್ಳೆಯದು. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಹಾಗೆ ಬಿಟ್ಟರೆ ಬೆವರುವುದು ಚೀಲ, ಬಿಚ್ಚಿದರೆ ಪುಸ್ತಕ. ಚೀಲದ ಮೇಲೆ ದೊಡ್ಡದಾಗಿ "ಕಾದಂಬರಿ" ಎಂದು ಬರೆದಿಡಿ, ಇಲ್ಲವಾದರೆ ಯಾರಾದರೂ ಅದನ್ನು ಹೆಪ್ಪುಗಟ್ಟಿದ ಬಟಾಣಿಯೆಂದು ಹೊರತೆಗೆದು ನೀರಲ್ಲಿ ನೆನೆಹಾಕಿಯಾರು.